ಎಳ್ಳಮಾವಾಸ್ಯೆಯ ದಿನ ನಾಯಿಗೊಂದು ಎಡೆ

ನಮ್ಮ ಬಸವಕಲ್ಯಾಣ, ಹುಮನಾಬಾದಗಳ ಕಡೆ ಮಾರ್ಗಶಿರ ಮಾಸವನ್ನು ನಾಯಿಗಳ ಮಾಸವೆಂದು ಕರೆದರೆ ಪಂಚಾಂಗದವರು ಒಪ್ಪಲಾರರು. ನಾಯಿಗಳು ಮಾತ್ರ ಸಂತೋಷದಿಂದ ಒಪ್ಪುವುವು. ಆ ಮಾಸದ ಶುದ್ಧ ಷಷ್ಠಿಯೇ ಚಂಪಾಷಷ್ಠಿ. ಭಾಲ್ಕಿ ತಾಲ್ಲೂಕಿನ ಖಾನಾಪುರದ ಮೈಲಾರ ಮಲ್ಲಣ್ಣನ ಭಕ್ತರಿಗೆ ಅದು ದೊಡ್ಡ ದಿನ. ಮೈಲಾರನ ಸಂಗಡ ನಾಯಿ ಇರಲೇಬೇಕು; ಅವನ ಸೇವೆಗೆ ನಿಂತ ವಗ್ಗಯ್ಯ, ಗೊರವಯ್ಯಗಳು ತಾವೇ ದೇವರ ನಾಯಿಗಳೆಂದು ಭಾವಿಸಿ ಬೊಗಳುತ್ತ ದೋಣಿಯೆಂಬ ಪಾತ್ರೆಗೆ ಬಾಯಿ ಹಚ್ಚಿ ಉಣ್ಣುವ ಪದ್ಧತಿಯೂ ಉಂಟು. ಮುಂದೆ ಹುಣ್ಣಿಮೆಗೆ ದತ್ತ ಜಯಂತಿ. ದತ್ತಾತ್ರೇಯನ ಪಟವನ್ನು ನೋಡಿದವರೆಲ್ಲ ಅವನ ಕಾಲ ಬಳಿಯ ನಾಲ್ಕು ನಾಯಿಗಳನ್ನೂ ನೋಡಿರುವರು. ಅವು ನಾಲ್ಕು ವೇದಗಳೆಂದು ಹಿರಿಯರು ಹೇಳುವರು. ದತ್ತನ ಅವತಾರವೆಂದು ಜನರು ನಂಬಿದ ಶ್ರೀ ಮಾಣಿಕ ಪ್ರಭುಗಳು ೧೮೧೭ರಲ್ಲಿ ಹುಟ್ಟಿದ್ದು ಬಸವಕಲ್ಯಾಣದ ಕಡೆಯ ಲಾಡವಂತಿಯಲ್ಲಿ. ೧೮೬೫ರಲ್ಲಿ ಸಮಾಧಿಸ್ಥರಾದದ್ದು ಹುಮನಾಬಾದದ ಮಗ್ಗುಲಿನ ಮಾಣಿಕನಗರದಲ್ಲಿ. ಹೀಗೆ ನಮ್ಮ ಎರಡೂ ಊರುಗಳಿಗೆ ಆ ನಾಲ್ಕು ನಾಯಿಗಳ ಋಣವಿದೆ. ದತ್ತ ಜಯಂತಿಯಾದ ಹದಿನೈದು ದಿನಕ್ಕೆ ಅಮಾವಾಸ್ಯೆ. ಅದೇ ನಮ್ಮ ಎಳ್ಳಮಾವಾಸ್ಯೆ.

ದಕ್ಷಿಣದ ಜಿಲ್ಲೆಗಳಿಂದ ವರ್ಗವಾಗಿ ಬಂದ ನಮ್ಮ ಅಧ್ಯಾಪಕರಿಗೆ ಈ ಹಬ್ಬದ ಪರಿಚಯ ಕಡಿಮೆ. ಆದುದರಿಂದ ಎರಡು ಮಾತು. ಅಂದು ಊರಿಗೆ ಊರೇ ಹೊಲಕ್ಕೆ ಹೋಗುವುದು. ಜೋಳದ ದಂಟಿನ ಕೊಂಪೆ ಹಾಕಿ, ಅದರೊಳಗೆ ಪಾಂಡವರೆಂದು ಕಲ್ಲುಗಳನ್ನಿಟ್ಟು ಪೂಜಿಸಿ, ಹೊಲದ ಸುತ್ತ ಚರಗ ಚೆಲ್ಲಿ, ಆಮೇಲೆ ಊಟಕ್ಕೆ ಕುಳಿತರೆ ಏಳುವ ಮಾತಿಲ್ಲ. ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಜೋಳದ ರೊಟ್ಟಿ, ಹೋಳಿಗೆ, ಕಡುಬು, ಮಡಿಕೆ ತುಂಬ ಅಂಬಲಿ. ಎಲ್ಲಕ್ಕೂ ರಾಜನೆಂದರೆ ಭಜ್ಜಿ. ಇದು ಎಣ್ಣೆಯಲ್ಲಿ ಕರಿದ ಭಜ್ಜಿಯಲ್ಲ. ಹಸಿ ತೊಗರಿ, ಅವರೆ, ಬಟಾಣಿ, ಹಸಿ ಕಡಲೆ, ಮೆಂತೆ ಪಲ್ಲೆ, ಗಜ್ಜರಿ, ಉಳ್ಳಾಗಡ್ಡಿಯ ತಪ್ಪಲು ಎಲ್ಲವನ್ನೂ ಕುದಿಸಿ, ಕಡಲೆ ಹಿಟ್ಟು ಕಲಸಿ, ಹುಣಸೆ ರಸ ಹಿಂಡಿ, ಹಸಿ ಮೆಣಸಿನಕಾಯಿ ಬಳ್ಳೊಳ್ಳಿ ಅರೆದು ಹಾಕಿ ಮಾಡುವ ಗಟ್ಟಿ ಪದಾರ್ಥ. ತಿಂದವನೇ ಬಲ್ಲ.

ಮನುಷ್ಯರ ಹಿಂದೆಯೇ ನಾಯಿಯೂ ಹೊಲಕ್ಕೆ ಬರುತ್ತದೆ. ವರ್ಷವಿಡೀ ಹಂದಿಗಳಿಂದ, ಕಳ್ಳರಿಂದ ಬೆಳೆ ಕಾಯ್ದದ್ದು ಅದೇ. ಹಬ್ಬದ ದಿನ ಅದಕ್ಕೆ ಎಡೆ ಇಡದೆ ಉಂಡರೆ ನಮ್ಮ ಒಕ್ಕಲಿಗರ ಮನಸ್ಸು ಒಪ್ಪದು. ಒಪ್ಪಬಾರದು ಕೂಡ. ನನ್ನ ತಕರಾರು ಎಡೆಯ ವಿಷಯದಲ್ಲಿಲ್ಲ. ಎಡೆಯಲ್ಲಿ ಏನಿರಬೇಕೆಂಬ ವಿಷಯದಲ್ಲಿದೆ.

ಹುಮನಾಬಾದ ತಾಲ್ಲೂಕಿನ ನಮ್ಮ ಸೋದರಮಾವನ ಹೊಲದಲ್ಲಿ ಮೋತಿ ಎಂಬ ನಾಯಿಯಿದೆ. ಒಂದು ಎಳ್ಳಮಾವಾಸ್ಯೆಗೆ ನೂರು ಮಂದಿಗೆ ಮಾಡಿದ ಅಡಿಗೆಯನ್ನು ಅರವತ್ತು ಮಂದಿ ಉಂಡು, ಭಜ್ಜಿಯ ಹಂಡೆ ಅರ್ಧ ಉಳಿಯಿತು. ಮಾವ ಪ್ರೀತಿಯಿಂದ ಮೂರು ದಿನ ಮೋತಿಗೆ ಅದನ್ನೇ ಹಾಕಿದರು. ಅದೂ ಪ್ರೀತಿಯಿಂದಲೇ ತಿಂದಿತು. ಐದನೆಯ ದಿನ ನಾಯಿ ಏಳಲೊಲ್ಲದು. ಒಸಡು ಸುಣ್ಣದಂತೆ ಬಿಳುಪು. ಮೂತ್ರ ಹಾಲಿಲ್ಲದ ಚಹದ ಬಣ್ಣ. ಯಾರೋ ಹಾವು ಕಡಿದಿದೆ ಎಂದರು, ಯಾರೋ ದೃಷ್ಟಿ ಎಂದರು. ಗಾಡಿಯಲ್ಲಿ ಹಾಕಿಕೊಂಡು ಪಶುವೈದ್ಯರಲ್ಲಿಗೆ ಒಯ್ದಾಗ ಅವರು ಕೇಳಿದ ಮೊದಲ ಪ್ರಶ್ನೆ, "ಹಬ್ಬದಾಗ ನಾಯಿಗಿ ಏನೇನ್ ಹಾಕೀರಿ?" ಎಂಬುದು. ಮಾವ ಹಬ್ಬದ ಅಡಿಗೆಯನ್ನೆಲ್ಲ ಹೆಮ್ಮೆಯಿಂದ ಹೇಳುತ್ತ ಹೋದರು. ವೈದ್ಯರು ಉಳ್ಳಾಗಡ್ಡಿ, ಬಳ್ಳೊಳ್ಳಿ ಎಂಬಲ್ಲಿ ತಡೆದು, "ಇಲ್ಲೇ ಅದಾ ನೋಡ್ರಿ" ಎಂದರು. ಮೋತಿ ಬದುಕಿತು. ಆದರೆ ಅದು ಮತ್ತೆ ಮೊದಲಿನಂತೆ ಹೊಲದ ಬದುವಿನ ಮೇಲೆ ಓಡಲು ಒಂದು ತಿಂಗಳಿಗಿಂತ ಹೆಚ್ಚು ಹಿಡಿಯಿತು. ಅಂದಿನಿಂದ ನಾನು ಕಲಾ ವಿಭಾಗದ ವಿದ್ಯಾರ್ಥಿಯಾದರೂ ಈ ವಿಷಯವನ್ನು ಓದತೊಡಗಿದೆನು, ಬಲ್ಲವರನ್ನು ಕೇಳತೊಡಗಿದೆನು. ಹಾಗೆ ತಿಳಿದುದನ್ನು ಸಹಪಾಠಿಗಳ ಮುಂದಿಡುವುದೇ ಈ ಲೇಖನದ ಉದ್ದೇಶ. ರಜೆಗೆ ಊರಿಗೆ ಹೋಗುವ ನಮ್ಮಲ್ಲಿ ಬಹುಮಂದಿಯ ಮನೆಯಲ್ಲಿ ನಾಯಿಯಿದೆಯೆಂಬುದನ್ನು ನಾನು ಬಲ್ಲೆನು.

ಉಳ್ಳಾಗಡ್ಡಿಯಿಂದಲೇ ಪ್ರಾರಂಭಿಸುವೆನು. ಕಿನ್ನರಿ ಬೊಮ್ಮಯ್ಯನ ಕಥೆಯನ್ನು ಕೇಳಿದವರಿಗೆ ಕಲ್ಯಾಣದಲ್ಲಿ ಈ ಗಡ್ಡೆಗೆ ಎಂಥ ಮರ್ಯಾದೆ ಸಂದಿತೆಂಬುದು ಗೊತ್ತು. ಅದರ ವಾಸನೆಯನ್ನು ಹಳಿದ ಕಾರಣ ಮುನಿದು ಹೋದ ಶರಣನನ್ನು ಒಲಿಸಲು ಬಸವಣ್ಣನವರು ಉಳ್ಳಾಗಡ್ಡಿಯನ್ನೇ ಮೆರೆಸಿ ಹಬ್ಬ ಮಾಡಿದರಂತೆ. ಮನುಷ್ಯರಿಗೆ ಅದು ಸರಿ. ನಾಯಿಯ ರಕ್ತಕ್ಕೆ ಉಳ್ಳಾಗಡ್ಡಿ ಶತ್ರು. ಅದರಲ್ಲಿರುವ ಗಂಧಕಯುಕ್ತ ವಸ್ತುಗಳು ನಾಯಿಯ ಕೆಂಪು ರಕ್ತಕಣದೊಳಗಿನ ಹಿಮೊಗ್ಲೋಬಿನ್ನನ್ನು ಕೆಡಿಸುವುವು. ಕೆಟ್ಟ ಹಿಮೊಗ್ಲೋಬಿನ್ ಗಂಟುಗಟ್ಟಿ ಕಣದ ಅಂಚಿಗೆ ಅಂಟಿಕೊಳ್ಳುವುದು. ಇದಕ್ಕೆ ಹೈಂಜ್ ಕಣವೆಂದು ಹೆಸರು. ಅಂಥ ರಕ್ತಕಣಗಳು ಒಡೆದು ಹೋಗಿ ನಾಯಿಗೆ ರಕ್ತಹೀನತೆ ಬರುವುದು. ಒಡೆದ ಕಣದ ಬಣ್ಣವೇ ಮೂತ್ರದಲ್ಲಿ ಕಾಣುವುದು. ಇದೆಲ್ಲ ತಿಂದ ದಿನವೇ ಆಗುವುದಿಲ್ಲ, ಕೆಲವು ದಿನಗಳು ಕಳೆದ ಮೇಲೆ ಆಗುವುದು. ಆದುದರಿಂದಲೇ ಹಬ್ಬದ ಊಟಕ್ಕೂ ಬೇನೆಗೂ ಇರುವ ಸಂಬಂಧ ಯಾರಿಗೂ ಹೊಳೆಯುವುದಿಲ್ಲ. ಬೇಯಿಸಿದರೂ ಒಣಗಿಸಿ ಪುಡಿ ಮಾಡಿದರೂ ಈ ವಿಷ ಹೋಗದು. ದೇಹತೂಕದ ಶೇಕಡಾ ಅರ್ಧದಷ್ಟನ್ನು ಮೀರಿ ಒಮ್ಮೆಗೆ ತಿಂದರೆ ಅಪಾಯವೆಂದು ಪಶುವೈದ್ಯರ ಲೆಕ್ಕ. ಹತ್ತು ಕಿಲೋ ತೂಗುವ ನಾಯಿಗೆ ಅದು ೫೦ ಗ್ರಾಂ. ಅಂದರೆ ಒಂದು ಸಣ್ಣ ಗಡ್ಡೆ. ಸ್ವಲ್ಪ ಸ್ವಲ್ಪವಾಗಿ ದಿನವೂ ತಿಂದರೂ ಅದೇ ಫಲ. ಬಳ್ಳೊಳ್ಳಿಯಂತೂ ತೂಕಕ್ಕೆ ತೂಕ ಉಳ್ಳಾಗಡ್ಡಿಗಿಂತ ಹಲವು ಪಟ್ಟು ತೀಕ್ಷ್ಣ. ಹುಳಕ್ಕೆ ಒಳ್ಳೆಯದೆಂದು ನಾಯಿಗೆ ಬಳ್ಳೊಳ್ಳಿ ತಿನ್ನಿಸುವವರು ನಮ್ಮಲ್ಲಿದ್ದಾರೆ. ದಯವಿಟ್ಟು ಬೇಡ.

ಎರಡನೆಯದು ದ್ರಾಕ್ಷಿ. ಹಸಿಯದಾಗಲಿ, ಒಣಗಿದ್ದಾಗಲಿ, ದ್ರಾಕ್ಷಿ ತಿಂದ ಕೆಲವು ನಾಯಿಗಳ ಮೂತ್ರಪಿಂಡವೇ ನಿಂತುಹೋಗುವುದು. ಕೆಲವಕ್ಕೆ ಏನೂ ಆಗದು. ಇಂತಿಷ್ಟು ತಿಂದರೆ ಅಪಾಯವಿಲ್ಲ ಎಂದು ಹೇಳಬಹುದಾದ ಅಳತೆಯಿಲ್ಲ. ಕಾರಣವೇನೆಂದು ಬಹುಕಾಲ ಯಾರಿಗೂ ತಿಳಿದಿರಲಿಲ್ಲ. ೨೦೨೧ರಲ್ಲಿ ಅಮೆರಿಕದ ಪಶುವಿಷ ತಜ್ಞರು ದ್ರಾಕ್ಷಿಯಲ್ಲಿರುವ ಟಾರ್ಟಾರಿಕ್ ಆಮ್ಲದ ಕಡೆಗೆ ಬೆರಳು ತೋರಿಸಿದರು. ಈ ಮಾತು ನಮಗೆ ಮುಖ್ಯ. ಏಕೆಂದರೆ ಅದೇ ಆಮ್ಲ ನಮ್ಮ ಹುಣಸೆ ಹಣ್ಣಿನಲ್ಲಿ ಹೇರಳವಾಗಿದೆ. ಹುಣಸೆ ತಿಂದ ನಾಯಿಗಳಲ್ಲಿಯೂ ಮೂತ್ರಪಿಂಡಕ್ಕೆ ಅಂಥದೇ ಪೆಟ್ಟು ಬಿದ್ದುದನ್ನು ಆಮೇಲೆ ವೈದ್ಯರು ದಾಖಲಿಸಿದರು. ಅಮೆರಿಕದವರಿಗೆ ಹುಣಸೆ ಅಪರೂಪದ ವಸ್ತು. ನಮಗೆ ಅದು ದಿನದ ಸಾರು. ಭಜ್ಜಿಯ ಹುಳಿ, ಹೋಳಿಗೆಯ ಜೊತೆಯ ಕಟ್ಟಿನ ಸಾರು, ಇವೆರಡನ್ನೂ ನಾಯಿಯ ತಾಟಿನಿಂದ ದೂರವಿಡಲು ಇಷ್ಟು ಕಾರಣ ಸಾಕು.

ಇನ್ನುಳಿದವನ್ನು ಬೇಗ ಹೇಳಿಬಿಡುವೆನು. ಹೂರಣದ ಹೋಳಿಗೆ ವಿಷವಲ್ಲ. ಆದರೆ ಬೆಲ್ಲ, ತುಪ್ಪ, ಜಾಜಿಕಾಯಿ ಕೂಡಿದ ಅದು ನಾಯಿಯ ಹೊಟ್ಟೆಗೆ ಹಿತವಲ್ಲ. ಕರಿದ ಕಡುಬು, ತುಪ್ಪದ ಅನ್ನ ಹೆಚ್ಚಾದರೆ ಮೇದೋಜೀರಕ ಗ್ರಂಥಿ ಊದಿಕೊಂಡು ವಾಂತಿ ಹತ್ತುವುದು, ಅದೂ ಸಣ್ಣ ಬೇನೆಯಲ್ಲ. ನಮ್ಮ ಮುಸ್ಲಿಂ ಗೆಳೆಯರ ಮನೆಯಲ್ಲಿ ಬಕ್ರೀದಿಗೆ ಉಳಿಯುವ ಬೆಂದ ಎಲುಬು ಚೂಪಾಗಿ ಸೀಳಿ ಗಂಟಲಿಗೋ ಕರುಳಿಗೋ ನೆಡುವುದು. ಬಿರಿಯಾನಿಯಲ್ಲಿ ಹುರಿದ ಉಳ್ಳಾಗಡ್ಡಿ ಬೇರೆ. ಕ್ರೈಸ್ತ ಗೆಳೆಯರ ಮನೆಯ ಕ್ರಿಸ್‌ಮಸ್ ಕೇಕಿನಲ್ಲಿ ಒಣದ್ರಾಕ್ಷಿಯಿರುವುದು, ಕೆಲವೊಮ್ಮೆ ಮದ್ಯವೂ ಇರುವುದು. ಚಾಕೊಲೇಟಿನಲ್ಲಿರುವ ಥಿಯೊಬ್ರೊಮಿನ್ ನಾಯಿಯ ಮೈಯಿಂದ ಬೇಗ ಹೊರಹೋಗದೆ ಹೃದಯವನ್ನು ಓಡಿಸುವುದು. ನಾಯಿಯ ತೂಕದ ಪ್ರತಿ ಕಿಲೋಗೆ ೨೦ ಮಿಲಿಗ್ರಾಂ ಹೊಕ್ಕರೆ ಲಕ್ಷಣ ತೋರುವುದು; ೬೦ಕ್ಕೆ ಸೆಳೆತ ಬರುವುದು. ನೂರು ಗ್ರಾಂ ಹಾಲಿನ ಚಾಕೊಲೇಟಿನಲ್ಲಿ ಸುಮಾರು ೨೦೦ ಮಿಲಿಗ್ರಾಂ, ಕಪ್ಪು ಚಾಕೊಲೇಟಿನಲ್ಲಿ ೫೦೦ಕ್ಕೂ ಮೇಲೆ. ಹತ್ತು ಕಿಲೋ ನಾಯಿಯ ಗತಿಯನ್ನು ವಾಚಕರೇ ಲೆಕ್ಕ ಹಾಕಬಹುದು. ಸಕ್ಕರೆಯಿಲ್ಲದ ಚೂಯಿಂಗ್ ಗಮ್ಮಿನಲ್ಲಿ ಹಾಕುವ ಕ್ಸೈಲಿಟಾಲ್ ಎಂಬ ಸಿಹಿ ಇನ್ನೂ ಕೆಟ್ಟದ್ದು. ಅತ್ಯಲ್ಪವೇ ನಾಯಿಯ ರಕ್ತದ ಸಕ್ಕರೆಯನ್ನು ಇಳಿಸಿಬಿಡುವುದು. ಮಳೆಗೆ ಸಿಕ್ಕಿ ಬೂಷ್ಟು ಹಿಡಿದ ಜೋಳ, ಶೇಂಗಾಗಳನ್ನು "ಮನುಷ್ಯರಿಗೆ ಆಗದು, ನಾಯಿಗಾದರೂ ಆಗಲಿ" ಎಂದು ರೊಟ್ಟಿ ತಟ್ಟಿ ಹಾಕುವುದುಂಟು. ಆ ಬೂಷ್ಟಿನ ವಿಷ ನಾಯಿಯ ಯಕೃತ್ತನ್ನು ಸುಡುವುದು. ನಮಗೆ ಆಗದ್ದು ಅದಕ್ಕೂ ಆಗದು.

ಇದನ್ನೆಲ್ಲ ನಾನು ಮನೆಯಲ್ಲಿ ಹೇಳಿದಾಗ ಆಯಿ ನಕ್ಕಳು. "ಹಿರ್ಯಾರ ಕಾಲದಿಂದ ನಾಯಿಗಿ ಹಬ್ಬದ ಊಟ ಹಾಕೀವಿ. ಎಷ್ಟ ನಾಯಿ ಸತ್ತಾವ ಹೇಳು?" ಎಂದು ಕೇಳಿದಳು. ಪ್ರಶ್ನೆ ತೂಕದ್ದು. ನನ್ನ ಸಮಾಧಾನವಿಷ್ಟು: ಹಿಂದೆ ನಾಯಿಗೆ ಸಿಗುತ್ತಿದ್ದುದು ರೊಟ್ಟಿಯ ಅಂಚು, ಭಜ್ಜಿ ಸವರಿದ ಒಂದು ತುತ್ತು. ಹಂಡೆಗಟ್ಟಲೆ ಉಳಿಯುವ ಅಡಿಗೆ ಆಗ ಯಾರ ಮನೆಯಲ್ಲಿತ್ತು? ಇನ್ನು ಸತ್ತ ನಾಯಿಗಳನ್ನು ಎಣಿಸಿದವರಾದರೂ ಯಾರು? ಹಬ್ಬವಾದ ವಾರಕ್ಕೆ ನಾಯಿ ಕಾಣದಾದರೆ ಎಲ್ಲಿಯೋ ಹೋಯಿತೆಂದು ಸುಮ್ಮನಾಗುವೆವು. ಆಯಿ ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಂಗಾದ್ರ ಅದಕ್ಕೇನ್ ಹಾಕಬೇಕು, ಅದನ್ನರ ಹೇಳು" ಎಂದಳು. ಬೇಡವೆನ್ನುವುದು ಸುಲಭ, ಬೇಕಾದುದನ್ನು ಹೇಳಬೇಕಾದಾಗ ಲೇಖಕನ ಕಷ್ಟ ತಿಳಿಯುವುದು.

ಸಂತೋಷದ ಸಂಗತಿಯೆಂದರೆ ನಮ್ಮ ಜೋಳದ ರೊಟ್ಟಿ ನಾಯಿಗೆ ಸಲ್ಲುವುದು. ತೋಳದಿಂದ ಬಂದ ಪ್ರಾಣಿ ಮಾಂಸವನ್ನೇ ತಿನ್ನಬೇಕೆಂದು ಕೆಲವರು ವಾದಿಸುವರು. ೨೦೧೩ರಲ್ಲಿ ಸ್ವೀಡನ್ನಿನ ವಿಜ್ಞಾನಿಗಳು ನಾಯಿ ತೋಳಗಳ ವಂಶವಾಹಿಗಳನ್ನು ಹೋಲಿಸಿ ನೋಡಿದರು. ಪಿಷ್ಟವನ್ನು ಜೀರ್ಣಿಸುವ ಕಿಣ್ವದ ವಂಶವಾಹಿಯ ಪ್ರತಿಗಳು ತೋಳಕ್ಕಿಂತ ನಾಯಿಯಲ್ಲಿ ಎಷ್ಟೋ ಹೆಚ್ಚಿಗಿದ್ದುವು. ಒಕ್ಕಲಿಗನ ಮನೆಯ ಬಾಗಿಲಲ್ಲಿ ಸಾವಿರಾರು ವರ್ಷ ಕುಳಿತು ನಾಯಿ ರೊಟ್ಟಿ ಉಣ್ಣಲು ಕಲಿತಿದೆಯೆಂದಾಯಿತು. ರುಚಿಯ ಚಿಂತೆಯೂ ಬೇಡ. ನಾಯಿ ಉಣ್ಣುವುದು ನಾಲಿಗೆಗಿಂತ ಮೂಗಿನಿಂದ. ಉಪ್ಪು, ಖಾರ, ಒಗ್ಗರಣೆ ಇಲ್ಲದ್ದು ನಮಗೆ ಸಪ್ಪೆ. ಬಿಸಿ ಆರಿದ ಬೇಳೆಯ ವಾಸನೆಯೇ ಅದಕ್ಕೆ ಹಬ್ಬ.

ಹತ್ತು ಕಿಲೋ ತೂಗುವ, ಆರೋಗ್ಯವಾದ, ಬೆಳೆದ ನಾಯಿಗೆ ದಿನಕ್ಕೆ ಸುಮಾರು ೬೦೦ ಕ್ಯಾಲೊರಿ ಬೇಕು. ಎರಡು ಹೊತ್ತು ಉಣ್ಣುವುದಾದರೆ ಹಬ್ಬದ ಒಂದು ಊಟ ೩೦೦ ಕ್ಯಾಲೊರಿಯದಾಗಿರಬೇಕು. ಸಸ್ಯಾಹಾರಿಗಳ ಮನೆಯಲ್ಲಿ ಹೀಗೆ ಮಾಡಬಹುದು: ೪೦ ಗ್ರಾಂ ಜೋಳದ ಹಿಟ್ಟಿನ ಒಂದು ತೆಳು ರೊಟ್ಟಿಯನ್ನು ಉಪ್ಪಿಲ್ಲದೆ ಬಡಿದು, ಚೂರು ಮಾಡಿ, ಬಿಸಿನೀರಿನಲ್ಲಿ ನೆನೆಯಿಡಬೇಕು. ತೊಗರಿ ಬೇಳೆಯನ್ನು ಬೆರಳಿಗೆ ಸಿಗದಷ್ಟು ಮೆತ್ತಗೆ ಬೇಯಿಸಿ, ಅದರಿಂದ ೧೦೦ ಗ್ರಾಂ, ಎಂದರೆ ಸಣ್ಣ ಬಟ್ಟಲು ತುಂಬ, ತೆಗೆದು ರೊಟ್ಟಿಗೆ ಕಲಸಬೇಕು. ಮೇಲೆ ೫೦ ಗ್ರಾಂ ಹುಳಿಯಿಲ್ಲದ ಮೊಸರು, ಬೇಯಿಸಿ ಹಿಚುಕಿದ ಒಂದು ಚಮಚ ಗಜ್ಜರಿ. ಇಷ್ಟೇ. ಹಾಲಿಗಿಂತ ಮೊಸರೇ ಒಳ್ಳೆಯದು, ಬೆಳೆದ ನಾಯಿಗಳಲ್ಲಿ ಹಲವಕ್ಕೆ ಹಾಲಿನ ಸಕ್ಕರೆ ಅರಗದು.

ಮಾಂಸ ತಿನ್ನುವ ಮನೆಯವರು ಎಲುಬು, ಚರ್ಮ ತೆಗೆದ ಕೋಳಿಯನ್ನು ಬರೀ ನೀರಿನಲ್ಲಿ ಬೇಯಿಸಿ ೧೦೦ ಗ್ರಾಂ ಹರಿದುಕೊಂಡು, ಅಷ್ಟೇ ಅನ್ನ, ಅದರರ್ಧ ಬೆಂದ ಕುಂಬಳಕಾಯಿ ಕೂಡಿಸಿದರೆ ಅದೂ ೩೦೦ ಕ್ಯಾಲೊರಿಯ ಸುಮಾರಿಗೆ ಬರುವುದು. ಕೋಳಿ ಬೇಯಿಸಿದ ನೀರನ್ನು ಆರಿಸಿ, ಮೇಲೆ ಕಟ್ಟಿದ ಕೊಬ್ಬನ್ನು ತೆಗೆದು, ಉಳಿದುದನ್ನು ಅನ್ನಕ್ಕೆ ಹಾಕಿರಿ. ನಾಯಿ ತಾಟನ್ನು ತೊಳೆದಂತೆ ನೆಕ್ಕುವುದು. ಹೊಲ ಕಾಯುವ ಹದಿನೆಂಟು ಇಪ್ಪತ್ತು ಕಿಲೋ ನಾಯಿಗೆ ಇದರ ಒಂದು ಮುಕ್ಕಾಲು ಪಾಲು ಸಾಕು. ತೂಕ ಇಮ್ಮಡಿಯಾದರೆ ಹಸಿವು ಇಮ್ಮಡಿಯಾಗುವುದಿಲ್ಲ. ಈ ಪದಾರ್ಥಗಳು ನಾಯಿಗೆ ಹೊಸವಾದರೆ ಹಬ್ಬಕ್ಕೆ ನಾಲ್ಕು ದಿನ ಮೊದಲೇ ಒಂದೊಂದು ತುತ್ತು ಕೊಟ್ಟು ನೋಡುವುದು ಜಾಣತನ. ಸಣ್ಣ ಮರಿಗಳಿಗೂ, ಮೂತ್ರಪಿಂಡದ ಬೇನೆ ಅಥವಾ ಸಕ್ಕರೆ ಬೇನೆ ಇರುವ ನಾಯಿಗಳಿಗೂ ವೈದ್ಯರನ್ನು ಕೇಳದೆ ಈ ಊಟ ಬೇಡ.

ಹಬ್ಬದ ಗದ್ದಲದಲ್ಲಿ ನಾಯಿಗಾಗಿ ಬೇರೆ ಒಲೆ ಹೂಡಲು ಯಾರಿಗೆ ಪುರಸೊತ್ತು ಎಂದು ಕೇಳುವಿರಿ. ಬೇರೆ ಒಲೆ ಬೇಡ. ಭಜ್ಜಿಗೆಂದು ತೊಗರಿ, ಬಟಾಣಿ, ಗಜ್ಜರಿ ಕುದಿಯುತ್ತಿರುವಾಗ, ಉಳ್ಳಾಗಡ್ಡಿಯ ತಪ್ಪಲು ಬೀಳುವ ಮುಂಚೆ, ಉಪ್ಪು ಹುಣಸೆ ಬೀಳುವ ಮುಂಚೆ, ಒಂದು ಸೌಟು ಬೇರೆ ಪಾತ್ರೆಗೆ ಎತ್ತಿಡಿರಿ. ಬೇಳೆಗೆ ಒಗ್ಗರಣೆ ಕೊಡುವ ಮುಂಚೆಯೂ ಹಾಗೆಯೇ. ನಾಯಿಯ ಎಡೆ ಸಿದ್ಧವಾಗಬೇಕಾದದ್ದು ಅಡಿಗೆಯ ಕೊನೆಯಲ್ಲಿ ಅಲ್ಲ, ನಡುವೆ. ಈ ಒಂದು ಮಾತು ಆಯಿಗೆ ಬಹಳ ಹಿಡಿಸಿತು. ದೇವರ ನೈವೇದ್ಯಕ್ಕೆ ರುಚಿ ನೋಡದೆ ಎತ್ತಿಡುವ ಅವಳಿಗೆ ಒಗ್ಗರಣೆಗೆ ಮುಂಚೆ ಎತ್ತಿಡುವುದು ಹೊಸ ವಿದ್ಯೆಯೇನೂ ಆಗಿರಲಿಲ್ಲ.

ಇದೊಂದು ದಿನದ ಊಟವೆಂಬುದನ್ನು ಮರೆಯಬಾರದು. ವರ್ಷವಿಡೀ ಮನೆಯಡಿಗೆಯನ್ನೇ ಹಾಕುವುದಾದರೆ ಸುಣ್ಣದ ಅಂಶ, ಸತು, ಜೀವಸತ್ವಗಳ ಲೆಕ್ಕ ಬೇರೆಯೇ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾನಿಲಯದ ಡೇವಿಸ್ ಶಾಖೆಯ ಪಶುವೈದ್ಯರು ೨೦೧೩ರಲ್ಲಿ ಪುಸ್ತಕಗಳಲ್ಲಿಯೂ ಬೇರೆಡೆಯೂ ಪ್ರಕಟವಾದ ನಾಯಿಯೂಟದ ೨೦೦ ವಿಧಾನಗಳನ್ನು ಪರೀಕ್ಷಿಸಿದಾಗ, ನೂರಕ್ಕೆ ೯೫ರಲ್ಲಿ ಒಂದಾದರೂ ಅವಶ್ಯಕ ಪೋಷಕಾಂಶ ಕಡಿಮೆ ಬಿದ್ದಿತ್ತು. ನನ್ನ ವಿಧಾನವೂ ನಿತ್ಯದ ಪರೀಕ್ಷೆಗೆ ಕುಳಿತರೆ ನಪಾಸಾಗುವುದು. ನಿತ್ಯದ ಊಟವನ್ನು ಗೊತ್ತುಪಡಿಸಬೇಕಾದವರಿಗೆ ನಮ್ಮ ಜಿಲ್ಲೆಯಲ್ಲಿ ದಾರಿಯಿದೆ. ೨೦೦೪ರಲ್ಲಿ ಸ್ಥಾಪಿತವಾದ ಕರ್ನಾಟಕ ಪಶುವೈದ್ಯಕೀಯ, ಪಶು ಮತ್ತು ಮೀನುಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾಲಯ ಬೀದರಿನಲ್ಲಿಯೇ ಇದೆ.

ಎಷ್ಟು ಎಚ್ಚರವಿದ್ದರೂ ನಾಯಿ ನಾಯಿಯೇ. ಕಣ್ಣು ತಪ್ಪಿಸಿ ದ್ರಾಕ್ಷಿಯನ್ನೋ ಚಾಕೊಲೇಟನ್ನೋ ತಿಂದುದು ಗೊತ್ತಾದರೆ ಲಕ್ಷಣ ತೋರಲೆಂದು ಕಾಯಬಾರದು. ತಿಂದ ಒಂದೆರಡು ಗಂಟೆಯೊಳಗೆ ವೈದ್ಯರು ವಾಂತಿ ಮಾಡಿಸಿದರೆ ಬಹುಪಾಲು ವಿಷ ಹೊರಬೀಳುವುದು. ತಡವಾದಷ್ಟೂ ಅದರ ಉಪಯೋಗ ಕಡಿಮೆ. ಮನೆಯಲ್ಲಿಯೇ ಉಪ್ಪುನೀರು ಕುಡಿಸಿ ವಾಂತಿ ಮಾಡಿಸುವ ಹಳೆಯ ರೂಢಿಯನ್ನು ಬಿಡಬೇಕು, ಆ ಉಪ್ಪೇ ನಾಯಿಯನ್ನು ಕೊಲ್ಲಬಲ್ಲುದು. ವೈದ್ಯರಿಗೆ ಮೂರು ಸಂಗತಿ ಬೇಕು: ಏನು ತಿಂದಿತು, ಎಷ್ಟು ತಿಂದಿತು, ಯಾವಾಗ ತಿಂದಿತು. ಪೊಟ್ಟಣ ಉಳಿದಿದ್ದರೆ ಅದನ್ನೂ ಒಯ್ಯಿರಿ. ಹಬ್ಬದ ದಿನ ಆಸ್ಪತ್ರೆಗೆ ರಜೆಯಿರುವುದರಿಂದ ವೈದ್ಯರು ಎಲ್ಲಿ ಸಿಗುವರೆಂದು ಹಿಂದಿನ ದಿನವೇ ಕೇಳಿಟ್ಟುಕೊಂಡಿರಬೇಕು. ಹಬ್ಬದ ಮುಂದಿನ ಒಂದು ವಾರ ನಾಯಿಯ ತುಟಿ ಎತ್ತಿ ಒಸಡಿನ ಬಣ್ಣ ನೋಡುವ ಅಭ್ಯಾಸವೂ ಒಳ್ಳೆಯದು. ನಸುಗೆಂಪಾಗಿದ್ದರೆ ಸರಿ, ಬಿಳಿಚಿದ್ದರೆ ಅದೇ ದಿನ ಹೊರಡಬೇಕು.

ಕೊನೆಗೆ ಉಳಿದ ಭಜ್ಜಿಯ ಮಾತು. ಅದನ್ನು ನೆರೆಹೊರೆಗೆ ಹಂಚಬಹುದು, ಮನುಷ್ಯರು ಮರುದಿನವೂ ಉಣ್ಣಬಹುದು. ಏನೂ ಆಗದಿದ್ದರೆ ಹೊಲದ ಗೊಬ್ಬರದ ಗುಂಡಿಗೆ ಹಾಕಿ ಮಣ್ಣೆಳೆಯಿರಿ. ಪ್ಲಾಸ್ಟಿಕ್ ಚೀಲದಲ್ಲಿ ಗಂಟು ಕಟ್ಟಿ ಬೀದಿಗೆ ಎಸೆದರೆ ಓಣಿಯ ನಾಯಿ ಚೀಲವನ್ನೂ ಕೂಡಿಯೇ ನುಂಗುವುದು. ಅದಕ್ಕೆ ಗಾಡಿಯಲ್ಲಿ ಹಾಕಿಕೊಂಡು ಒಯ್ಯುವ ಮಾವನೂ ಇಲ್ಲ.